ಅಪ್‌ಡೇಟ್: ಹಿನ್ನೆಲೆ ಮಾತ್ರ ತೆಳು, ಅಕ್ಷರ ಗಟ್ಟಿ. ಸರಿಹೋಯಿತು

ಕೇಳಿದ್ದು ಇಷ್ಟು: ಸಿಎಸ್‌ಎಸ್‌ನಲ್ಲಿ (ವೆಬ್ ಪುಟದ ನೋಟ ನಿರ್ಧರಿಸುವ ಭಾಷೆ) ಕಾರ್ಡ್‌ಗೆ, ಅಂದರೆ ಅಕ್ಷರವಿರುವ ಚೌಕಕ್ಕೆ, ಒಪಾಸಿಟಿ (ಗಟ್ಟಿತನ: 1 ಪೂರ್ತಿ ಗಟ್ಟಿ, 0 ಪೂರ್ತಿ ಪಾರದರ್ಶಕ) 0.6 ಕೊಟ್ಟರೆ ಒಳಗಿನ ಅಕ್ಷರವೂ ಮಸುಕಾಗುತ್ತದೆ. ಅಕ್ಷರಕ್ಕೆ ಬೇರೆಯಾಗಿ 1 ಕೊಟ್ಟರೂ ಬದಲಾಗದು, ಏಕೆ?

ಬ್ರೌಸರ್ ಇಡೀ ಕಾರ್ಡನ್ನು ಒಳಗಿರುವುದೆಲ್ಲದರ ಸಮೇತ ಒಂದೇ ಚಿತ್ರವಾಗಿ ಬಿಡಿಸಿ, ಆಮೇಲೆ 0.6ಕ್ಕೆ ತೆಳುವಾಗಿಸುತ್ತದೆ. ಒಳಗಿನ 1 ಅದನ್ನು ಮೀರಲಾರದು.

ಒಪಾಸಿಟಿ ತೆಗೆದು, ಬ್ಯಾಕ್‌ಗ್ರೌಂಡ್-ಕಲರ್‌ಗೆ ಆರ್‌ಜಿಬಿಎ(0, 0, 0, 0.6) (ಕಪ್ಪು ಬಣ್ಣ, ಕೊನೆಯ 0.6 ಆ ಬಣ್ಣದ ಗಟ್ಟಿತನ) ಹಾಕಿದ ಮೇಲೆ ಬಿಳಿ ಅಕ್ಷರ ಸ್ಪಷ್ಟವಾಯಿತು. ಹಿನ್ನೆಲೆಯಲ್ಲಿ ಫೋಟೊ ಇದ್ದರೆ ಇಷ್ಟು ಸಾಲದು. ಫೋಟೊವನ್ನು ಬಿಫೋರ್ ಸೂಡೊ-ಎಲಿಮೆಂಟ್‌ಗೆ (ಸಿಎಸ್‌ಎಸ್ ಮೂಲಕ ಕಾರ್ಡ್‌ನೊಳಗೆ ಸೇರಿಸುವ ಹೆಚ್ಚುವರಿ ಪದರ) ಸರಿಸಬೇಕು: ಕಂಟೆಂಟ್ ಖಾಲಿ, ಪೊಸಿಷನ್ ಆಬ್ಸೊಲ್ಯೂಟ್, ಇನ್‌ಸೆಟ್ 0 (ಕಾರ್ಡ್ ತುಂಬ ಹರಡಲು), ಝಡ್-ಇಂಡೆಕ್ಸ್ -1 (ಅಕ್ಷರದ ಹಿಂದೆ ಇರಲು), ಒಪಾಸಿಟಿ 0.3. ಕಾರ್ಡ್‌ಗೆ ಪೊಸಿಷನ್ ರಿಲೇಟಿವ್ ಜೊತೆಗೆ ಐಸೊಲೇಷನ್: ಐಸೊಲೇಟ್ (ಪದರಗಳ ಕ್ರಮವನ್ನು ಕಾರ್ಡ್‌ನೊಳಗೇ ಹಿಡಿದಿಡಲು) ಬೇಕೇ ಬೇಕು, ಬಿಟ್ಟರೆ ಫೋಟೊ ಹೊರಗಿನ ಡಿವ್‌ನ (ಕಾರ್ಡನ್ನು ಸುತ್ತುವರಿದ ಪೆಟ್ಟಿಗೆಯ) ಬಣ್ಣದ ಹಿಂದೆ ಅಡಗಿಬಿಡುತ್ತದೆ.