ಅಪ್ಪನಿಗೆ ಲಕ್ವ: ಕೈ ಎಳೆದು ವ್ಯಾಯಾಮ ಮಾಡಿಸಬಹುದಾ?

ತೀರ್ಥಹಳ್ಳಿ ಹುಡುಗಿ:
ಅಪ್ಪನಿಗೆ 63. ಹೋದ ತಿಂಗಳು ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಯ್ತು. ಈಗ ಮನೆಗೆ ಕರ್ಕೊಂಡು ಬಂದಿದ್ದೀವಿ. ನಮ್ಮೂರು ಒಳಗಿರೋದ್ರಿಂದ ಫಿಸಿಯೋ ಬರೋದು ವಾರಕ್ಕೊಂದೇ ಸಲ. ದೊಡ್ಡಪ್ಪ ದಿನಾ ಬಂದು ಎಣ್ಣೆ ಹಚ್ಚಿ ಬಲಗೈಯನ್ನ ತಲೆ ಮೇಲಕ್ಕೆ ಎಳೀತಾರೆ, ಅಪ್ಪ ನೋವಿಗೆ ಅಳ್ತಾರೆ. ನೀರು ಕುಡಿದ್ರೆ ಕೆಮ್ಮು ಬೇರೆ. ಮನೆಯಲ್ಲೇ ನೋಡ್ಕೊಂಡ ಅನುಭವ ಇರೋರು ದಯವಿಟ್ಟು ಹೇಳಿ.

ಹಾಸನದ ಸೊಸೆ:
ತಂಗಿ, ಮೊದಲು ಆ ಎಳೆಯೋದನ್ನ ನಿಲ್ಲಿಸು. ಬಲ ಹೋದ ಕೈಯ ಭಾರಕ್ಕೆ ಭುಜದ ಕೀಲು ಕೆಳಗೆ ಜಾರಿರಬಹುದು. ಎಳೆದಷ್ಟೂ ನೋವು ಜಾಸ್ತಿ. ಎಬ್ಬಿಸುವಾಗಲೂ ಕಂಕುಳಿಗೆ ಕೈ ಹಾಕಿ ಎತ್ತಬೇಡ. ಕೂತಾಗ ತೊಡೆ ಮೇಲೆ ದಿಂಬು ಇಟ್ಟು ಅದರ ಮೇಲೆ ಕೈ ಇಡಿಸು. ಅಂಗಿ ಹಾಕುವಾಗ ಬಲಗೈ ಮೊದಲು, ಬಿಚ್ಚುವಾಗ ಎಡಗೈ ಮೊದಲು.

ನಮ್ಮತ್ತೆಯನ್ನ ನೋಡ್ಕೊಂಡಾಗ ನನಗೆ ಮನವರಿಕೆ ಆಗಿದ್ದು ಇದು: ದಿನದ ಕೆಲಸದಲ್ಲಿ ಆ ಕೈಗೂ ಪಾಲು ಕೊಡಬೇಕು. ಅವರೆಕಾಯಿ ಕಾಲದಲ್ಲಿ ಮೊರ ಮುಂದಿಡ್ತಿದ್ದೆ. ಬಿದ್ದ ಕೈಯಿಂದ ಕಾಯಿ ಒತ್ತಿ ಹಿಡೀತಿದ್ರು, ಒಳ್ಳೇ ಕೈಯಿಂದ ಬಿಡಿಸ್ತಿದ್ರು. ಒಂದು ಬಟ್ಟಲು ಕಾಳಿಗೆ ಇಡೀ ಬೆಳಿಗ್ಗೆ ಹೋಗೋದು. ನಾನು ಕಿತ್ಕೊಂಡು ಬಿಡಿಸ್ಲಿಲ್ಲ, ಪಕ್ಕದಲ್ಲಿ ಕೂತಿರ್ತಿದ್ದೆ. ಮನೆಯವರಿಗೆ ಬೇಕಾದ ದೊಡ್ಡ ತಾಳ್ಮೆ ಅದೇ. ದೊಡ್ಡಪ್ಪನಿಗೂ ಬೇಜಾರು ಮಾಡಬೇಡ. ನಡೆಸುವಾಗ ಬಲಗಡೆ ನಿಲ್ಲೋ ಜವಾಬ್ದಾರಿ ಅವರಿಗೆ ಕೊಡು.

ಧಾರವಾಡ ಫಿಸಿಯೋ:
ಅಕ್ಕಾರು ಹೇಳಿದ್ದು ಖರೇ ಐತ್ರಿ. ಆದ್ರ ನೀರಿನ ಕೆಮ್ಮು ಸಣ್ಣದು ಅನ್ಕೋಬ್ಯಾಡ್ರಿ. ನೀರು ಶ್ವಾಸಕೋಶಕ್ಕ ಇಳದ್ರ ನ್ಯುಮೋನಿಯಾ ಆಗತೈತಿ. ನುಂಗೂದನ್ನ ಬೇಗ ಡಾಕ್ಟರಿಗೆ ತೋರಸ್ರಿ. ಅಲ್ಲೀತನಕ ನೆಟ್ಟಗ ಕೂಡಿಸಿ, ಸಣ್ಣ ಚಮಚದಾಗ ಕೊಡ್ರಿ, ಉಂಡ ಮ್ಯಾಲೆ ಅರ್ಧ ತಾಸು ಮಲಗಿಸಬ್ಯಾಡ್ರಿ.

ಇನ್ನೊಂದು. ಭಾರತದ 14 ಆಸ್ಪತ್ರೆಯೊಳಗ 1250 ಮಂದಿ ಮ್ಯಾಲೆ ಒಂದು ದೊಡ್ಡ ಅಧ್ಯಯನ ಆತು, 2017ರಾಗ ಲ್ಯಾನ್ಸೆಟ್ ಅನ್ನೂ ವೈದ್ಯಕೀಯ ಪತ್ರಿಕೆಯೊಳಗ ಬಂತು. ಮನೆಯವರಿಗೆ ವ್ಯಾಯಾಮ ಕಲಿಸಿದ್ರೂ 6 ತಿಂಗಳಿಗೆ ಸಾವು, ಪರಾವಲಂಬನೆ ಕಡಿಮಿ ಆಗಲಿಲ್ಲ. ಅದಕ್ಕ ಮನೆಯವರ ಮ್ಯಾಲೇ ಎಲ್ಲಾ ಹೊರಿಸೂದು ನನಗ ಸರಿ ಕಾಣೂದಿಲ್ಲ. ನೀವು ಮಾಡಸೂದನ್ನ ಮೊಬೈಲ್‌ನಾಗ ವಿಡಿಯೋ ತಗದು ನಿಮ್ಮ ಫಿಸಿಯೋಗ ಕಳಸ್ರಿ. ನಡುವ ತಿದ್ದತಾರ.

ತೀರ್ಥಹಳ್ಳಿ ಹುಡುಗಿ:
ಥ್ಯಾಂಕ್ಸ್ ಅಕ್ಕ, ಸರ್. ನಾಳೆನೇ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತೀವಿ. ಜಗುಲಿಗೆ ಮೂರು ಮೆಟ್ಟಿಲಿದೆ, ಹೇಗೆ ಹತ್ತಿಸೋದು?

ಧಾರವಾಡ ಫಿಸಿಯೋ:
ಕೋಲು ಎಡಗೈಯಾಗ. ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು. ಮೊದಲ ಸಲ ಮಾತ್ರ ನಿಮ್ಮ ಫಿಸಿಯೋ ಎದುರಿಗೇ ಹತ್ತಸ್ರಿ.