ಮಸ್ಟ್ ನಾಟ್ ಅಂದ್ರೆ ‘ಬೇಕಾಗಿಲ್ಲ’ ಅಲ್ಲ

ಅಮ್ಮನ ಕಡೆಯವರ ಗುಂಪು, ಭಾನುವಾರ ಬೆಳಿಗ್ಗೆ

ಜಯನಗರ ಮಾವ, 7:42
ಫೋಟೊ: ಇಂಗ್ಲಿಷಿನ ಮಾಡಲ್ ವರ್ಬ್ಸ್ (ಕ್ಯಾನ್, ಮೇ, ಮಸ್ಟ್ ಥರದ ಸಹಾಯಕ ಕ್ರಿಯಾಪದಗಳು) ಒಂದೇ ಹಾಳೆಯಲ್ಲಿ
ಪುಟ್ಟಿಗೆ ಈ ವರ್ಷ ಎಸ್ಸೆಸ್ಸೆಲ್ಸಿ ಅಲ್ವಾ? ಇದನ್ನ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ. ಬಾಯಿಪಾಠ ಮಾಡಿದ್ರೆ ಸಾಕು.

ರಾಜಾಜಿನಗರ ಚಿಕ್ಕಮ್ಮ, 7:50
ತುಂಬಾ ಒಳ್ಳೇದಾಯ್ತು ಅಣ್ಣ 🙏 ಜೆರಾಕ್ಸ್ ಅಂಗಡಿ ತೆಗೆದ ತಕ್ಷಣ ಕಳಿಸ್ತೀನಿ.

ನಾನು, 7:58
ಚಿಕ್ಕಮ್ಮ, ತಡೀರಿ, ಪ್ರಿಂಟ್ ಬೇಡ. ಮಾವ, ಬೇಜಾರು ಮಾಡ್ಕೋಬೇಡಿ, ಆರನೇ ಸಾಲು ನೋಡಿ. ‘ಮಸ್ಟ್ ನಾಟ್ = ಬೇಕಾಗಿಲ್ಲ’ ಅಂತಿದೆ. ತಪ್ಪು. ‘ಯು ಮಸ್ಟ್ ನಾಟ್ ಗೋ’ ಅಂದ್ರೆ ನೀನು ಹೋಗಬಾರದು, ಹೋಗಕೂಡದು. ಹೋಗಬೇಕಾಗಿಲ್ಲ ಅನ್ನೋದಕ್ಕೆ ‘ನೀಡ್ ನಾಟ್’, ಇಲ್ಲಾ ‘ಡೋಂಟ್ ಹ್ಯಾವ್ ಟು’.

ಜಯನಗರ ಮಾವ, 8:03
ಮಸ್ಟ್ ಅಂದ್ರೆ ಬೇಕು. ನಾಟ್ ಸೇರಿದ್ರೆ ಬೇಕಾಗಿಲ್ಲ. ಲೆಕ್ಕ ಸರಿಯಾಗೇ ಇದೆಯಲ್ಲಮ್ಮ? ನೀನು ಟೀಚರ್ರು, ನಿನಗೆ ಎಲ್ಲದರಲ್ಲೂ ತಪ್ಪು ಕಾಣುತ್ತೆ. ಹತ್ತನೇ ಕ್ಲಾಸಿಗೆ ಇಷ್ಟು ಸಾಕು.

ನಾನು, 8:11
ಆ ನಾಟ್ ಯಾವುದಕ್ಕೆ ಅಂಟುತ್ತೆ ಅನ್ನೋದರಲ್ಲೇ ಎಲ್ಲಾ ಇರೋದು ಮಾವ. ‘ಮಸ್ಟ್ ನಾಟ್ ಗೋ’ದಲ್ಲಿ ‘ಬೇಕು’ ಅಲುಗಾಡೋದಿಲ್ಲ, ನಾಟ್ ಹೋಗಿ ‘ಗೋ’ಗೆ ಅಂಟುತ್ತೆ: ಹೋಗದೇ ಇರಬೇಕು. ‘ನೀಡ್ ನಾಟ್’ ಅಂದಾಗ ಆ ‘ಬೇಕು’ ಅನ್ನೋದೇ ಇಲ್ಲವಾಗುತ್ತೆ. ಇದು ಮಾರ್ಕ್ಸಿನ ಮಾತು ಮಾತ್ರ ಅಲ್ಲ. ಹೋದ ವರ್ಷ ಅಮ್ಮನಿಗೆ ಏನಾಯ್ತು ಅಂತ ನಿಮಗೇ ಗೊತ್ತು.

ತಮ್ಮ, 8:15
ಮಾವ, ಅವತ್ತು ಓದಿ ಹೇಳಿದ್ದು ನಾನೇ. ಆಸ್ಪತ್ರೆಯವರು ಹಾಳೆಯಲ್ಲಿ ಸರಿಯಾಗೇ ಬರೆದಿದ್ರು, ‘ಮಸ್ಟ್ ನಾಟ್ ಬಿ ಟೇಕನ್ ಆನ್ ಆನ್ ಎಂಪ್ಟಿ ಸ್ಟಮಕ್’ ಅಂತ. ನಾನೂ ಇಂಥದ್ದೇ ಹಾಳೆ ಉರು ಹೊಡೆದು ಪಾಸಾದವನು. ‘ಖಾಲಿ ಹೊಟ್ಟೇಲೇ ತಗೋಬೇಕಾಗಿಲ್ಲಮ್ಮ, ಯಾವಾಗ ಬೇಕಾದ್ರೂ ತಗೋ’ ಅಂದೆ. ಮೂರು ದಿನ ಕಾಫಿಗೂ ಮುಂಚೆ ಮಾತ್ರೆ ನುಂಗಿದ್ಳು. ನಾಲ್ಕನೇ ದಿನ ಹೊಟ್ಟೆ ಹಿಡ್ಕೊಂಡು ಅಡುಗೆಮನೆ ನೆಲದ ಮೇಲೆ ಕೂತಿದ್ಳು, ಒಲೆ ಮೇಲೆ ಹಾಲು ಉಕ್ಕಿ ಸುರೀತಿತ್ತು. ಆ ಹಾಳೆ ಇನ್ನೂ ಇಟ್ಕೊಂಡಿದ್ದೀನಿ.

ರಾಜಾಜಿನಗರ ಚಿಕ್ಕಮ್ಮ, 8:17
ಅಯ್ಯೋ, ಇದಕ್ಕಾ ಅಕ್ಕನಿಗೆ ಹಾಗಾಗಿದ್ದು? ನಮಗೆ ಯಾರೂ ಹೇಳಲೇ ಇಲ್ಲ.

ಮಲ್ಲೇಶ್ವರ ದೊಡ್ಡಪ್ಪ, 8:30
ಈ ಹಾಳೆಯಲ್ಲಿ ಶಲ್ ಮತ್ತು ವಿಲ್ ಎರಡಕ್ಕೂ ಒಂದೇ ಅರ್ಥ ಕೊಟ್ಟಿದ್ದಾರೆ. ನಮ್ಮ ಮೇಷ್ಟ್ರು ಐ, ವಿ ಬಂದರೆ ಶಲ್, ಮಿಕ್ಕವಕ್ಕೆ ವಿಲ್ ಅಂತ ಕಲಿಸಿದ್ದರು.

ನಾನು, 8:36
ದೊಡ್ಡಪ್ಪ, ಆ ನಿಯಮವನ್ನ ಜಾನ್ ವಾಲಿಸ್ ಅನ್ನೋ ಗಣಿತಜ್ಞ 1653ರಲ್ಲಿ ತನ್ನ ಇಂಗ್ಲಿಷ್ ವ್ಯಾಕರಣದಲ್ಲಿ ಬರೆದಿಟ್ಟ, ಅದೂ ಲ್ಯಾಟಿನ್‌ನಲ್ಲಿ. ಈಗ ಆಡುಮಾತಲ್ಲಿ ‘ಶಲ್ ವಿ ಗೋ?’ ಅಂತ ಕೇಳೋವಾಗ ಬಿಟ್ಟರೆ ಶಲ್ ಅಪರೂಪ. ಅದರ ನಿಜವಾದ ಮನೆ ಕಾನೂನು, ಅದನ್ನ ನೀವೇ ಹೇಳಬೇಕು.

ಮಲ್ಲೇಶ್ವರ ದೊಡ್ಡಪ್ಪ, 8:49
ಅದು ನಿಜ. ಕೋರ್ಟಿನ ಕಡತದಲ್ಲಿ ಮೂವತ್ತು ವರ್ಷ ನೋಡಿದ್ದೇನೆ. ಸಂವಿಧಾನದ 343ನೇ ವಿಧಿ: ಕೇಂದ್ರದ ಆಡಳಿತ ಭಾಷೆ ‘ಶಲ್ ಬಿ’ ಹಿಂದಿ. 345ನೇ ವಿಧಿ: ರಾಜ್ಯದ ಶಾಸಕಾಂಗ ತನ್ನ ಆಡಳಿತ ಭಾಷೆಯನ್ನು ‘ಮೇ ಬೈ ಲಾ ಅಡಾಪ್ಟ್’. ಮೊದಲನೆಯದು ಕಟ್ಟಳೆ, ಎರಡನೆಯದು ಅಧಿಕಾರ. ಆ ಅಧಿಕಾರದಿಂದಲೇ 1963ರ ರಾಜಭಾಷಾ ಕಾಯ್ದೆ ಬಂದು ಕನ್ನಡ ನಮ್ಮ ರಾಜ್ಯದ ಆಡಳಿತ ಭಾಷೆಯಾಯಿತು. ಸಂದರ್ಭ ನೋಡಿ ನ್ಯಾಯಾಲಯಗಳು ‘ಮೇ’ಯನ್ನು ‘ಶಲ್’ ಎಂದು ಓದಿದ್ದೂ ಉಂಟು. ಇಂಥ ಪದಗಳಿಗೆ ಒಂದೊಂದೇ ಅರ್ಥ ಹಚ್ಚಿದರೆ ಕಷ್ಟ. ಹುಡುಗಿ ಹೇಳುತ್ತಿರುವುದು ಸರಿ.

ಜಯನಗರ ಮಾವ, 8:52
ಸರಿ ಭಾವ, ಆ ಒಂದು ಸಾಲು ತಿದ್ದಿಬಿಡೋಣ. ಮಿಕ್ಕಿದ್ದು ಇರಲಿ.

ನಾನು, 9:04
ಮಿಕ್ಕಿದ್ದೂ ಹಾಗೇ ಇದೆ ಮಾವ. ‘ಕುಡ್ = ಬಹುದಿತ್ತು’ ಅಂತೆ. ‘ಬರಬಹುದಿತ್ತು’ ಅಂದ್ರೆ ಬರಲಿಲ್ಲ ಅಂತ ಅರ್ಥ, ಅದು ‘ಕುಡ್ ಹ್ಯಾವ್ ಕಮ್’. ‘ಶಿ ಕುಡ್ ಸ್ವಿಮ್ ಅಟ್ ಫೈವ್’ ಅಂದ್ರೆ ಐದು ವರ್ಷಕ್ಕೇ ಈಜೋಕೆ ಬರ್ತಿತ್ತು. ಮೈಟ್‌ಗೂ ‘ಬಹುದಿತ್ತು’ ಅಂತ ಹಾಕಿದ್ದಾರೆ. ನಮ್ಮಜ್ಜಿ ‘ಬಂದಾನು, ನೋಡೋಣ’ ಅಂತಿದ್ರಲ್ಲ, ಆ ‘ಬಂದಾನು’ ಇದೆಯಲ್ಲ, ಅದೇ ಮೈಟ್. ಇಷ್ಟು ಚೆನ್ನಾಗಿರೋ ಕನ್ನಡ ಮನೆಯಲ್ಲೇ ಇರೋವಾಗ ಮಗು ಯಾಕೆ ಈ ಹಾಳೆ ಉರು ಹೊಡೀಬೇಕು?

ಪುಟ್ಟಿ, 9:10
ಅಕ್ಕಾ, ಹಿ ಗೋಸ್ ಅಂತೀವಿ, ಹಿ ಮಸ್ಟ್ಸ್ ಅಂತ ಯಾಕೆ ಅನ್ನಲ್ಲ?

ನಾನು, 9:16
ನಾನು ಹೋಗಬೇಕು, ಅವನು ಹೋಗಬೇಕು, ಅವರು ಹೋಗಬೇಕು. ನಮ್ಮ ‘ಬೇಕು’ ಎಲ್ಲಾದ್ರೂ ಬದಲಾಯ್ತಾ? ಹೋಗಬಹುದು, ಹೋಗಬಾರದು, ಇವೂ ಬದಲಾಗಲ್ಲ. ಇಂಗ್ಲಿಷಿನವೂ ಹಾಗೇ. ಮುಂದೆ ಬರೋ ಕ್ರಿಯಾಪದಕ್ಕೂ ‘ಟು’ ಬೇಡ. ಇನ್ನೊಂದು ನೋಡು, ಹಳೇ ಇಂಗ್ಲಿಷಿನಲ್ಲಿ ಕ್ಯಾನ್ ಅಂದ್ರೆ ‘ತಿಳಿದಿರು’ ಅಂತಿತ್ತು. ನಮ್ಮ ‘ಬಲ್ಲ’ನೂ ಹಾಗೇ ಅಲ್ವಾ? ಕನ್ನಡ ಬಲ್ಲಳು, ಈಜಬಲ್ಲಳು.

ಪುಟ್ಟಿ, 9:24
ಹಾಗಾದ್ರೆ ‘ದೇರ್ ಮಸ್ಟ್ ಬಿ ರೈನ್ ಇನ್ ಮಲ್ಲೇಶ್ವರಂ’? ಮಳೆ ಬೇಕೇ ಬೇಕು ಅಂತಾನಾ?

ನಾನು, 9:26
ನೀನೇ ಹೇಳು. ದೊಡ್ಡಪ್ಪ ಇನ್ನೂ ವಾಕಿಂಗಿಗೆ ಹೊರಟಿಲ್ಲ ಅಂದ್ರೆ ಏನಂದ್ಕೋತೀಯ?

ಪುಟ್ಟಿ, 9:27
ಅಲ್ಲಿ ಮಳೆ ಬರ್ತಿರಬೇಕು. ಓ, ಅದೇ ‘ಬೇಕು’!

ಜಯನಗರ ಮಾವ, 9:40
ಹಾಳೆ ಡಿಲೀಟ್ ಮಾಡಿದೆ. ಅಕ್ಕನ ವಿಷಯ ನನಗೂ ಇಷ್ಟು ಗೊತ್ತಿರಲಿಲ್ಲ. ಹಾಗಾದ್ರೆ ‘ಹಿ ಮೇ ನಾಟ್ ಕಮ್’ ಅನ್ನೋದನ್ನ ಏನಂತ ಬರೀಲಿ?

ನಾನು, 9:43
ಯಾರೋ ತಡೆದಿದ್ರೆ ‘ಅವನು ಬರೋ ಹಾಗಿಲ್ಲ’. ನಿಮಗೇ ಅನುಮಾನ ಇದ್ರೆ ‘ಅವನು ಬರಲಿಕ್ಕಿಲ್ಲ’. ಎರಡನ್ನೂ ಬರೀರಿ ಮಾವ.