ರೂಟ್ ಬಿಯರ್ ಡ್ರೈವ್-ಇನ್: ಅಪ್ಪ ಅಮ್ಮನನ್ನು ಎಲ್ಲಿಗೆ ಕರೆದೊಯ್ಯಲಿ?

ಶಿಕಾಗೋದಿಂದ, ಪ್ರಶ್ನೆ

ಜೂನ್‌ನಲ್ಲಿ ಅಪ್ಪ, ಅಮ್ಮ ಶಿವಮೊಗ್ಗದಿಂದ ಬರುತ್ತಿದ್ದಾರೆ. ಅಪ್ಪ ಲೋಕೋಪಯೋಗಿ ಇಲಾಖೆಯ ನಿವೃತ್ತ ಎಂಜಿನಿಯರ್. ಶಿಕಾಗೋದ ಗಗನಚುಂಬಿಗಳನ್ನೆಲ್ಲ ಕಳೆದ ಸಲವೇ ನೋಡಿ ಮುಗಿಸಿದ್ದಾರೆ. ಈ ಸಲ ಹಳೆಯ ರೂಟ್ ಬಿಯರ್ ಡ್ರೈವ್-ಇನ್‌ಗಳನ್ನು ತೋರಿಸುವ ಆಸೆ ನನಗೆ. ಕಾರಿನಲ್ಲೇ ಕುಳಿತಿದ್ದರೆ ತಟ್ಟೆ ಕಿಟಕಿಗೆ ಬರುವಂಥವು. ಎರಡು ದಿನ ಬಿಡುವಿದೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ‘ಬಿಯರ್’ ಎಂದ ಕೂಡಲೇ ಫೋನಿನಲ್ಲಿ ಮಾತು ನಿಂತಿತು. ಹೋಗಿ ಬಂದವರು ದಯವಿಟ್ಟು ಹೇಳಿ.

ಇಂಡಿಯಾನಾಪೊಲಿಸ್‌ನಿಂದ

ಮೊದಲು ಅಮ್ಮನವರ ಸಮಾಧಾನ. ಹೆಸರಷ್ಟೇ ಬಿಯರ್, ಈ ಡ್ರೈವ್-ಇನ್‌ಗಳಲ್ಲಿ ಕೊಡುವುದು ಸಿಹಿ ಸೋಡಾ, ಅದರಲ್ಲಿ ಮದ್ಯವಿಲ್ಲ. ಹಿಂದೆ ಸಾಸಫ್ರಾಸ್ ಮರದ ಬೇರಿನ ತೊಗಟೆಯಿಂದ ಇದಕ್ಕೆ ರುಚಿ ಬರುತ್ತಿತ್ತು. ಅದರಲ್ಲಿರುವ ಸ್ಯಾಫ್ರೋಲ್ ಅನ್ನು 1960ರಲ್ಲಿ ಸರ್ಕಾರ ನಿಷೇಧಿಸಿತು. ಈಗ ವಿಂಟರ್‌ಗ್ರೀನ್ ಎಂಬ ಗಿಡ, ವೆನಿಲಾಗಳ ರುಚಿಯೇ ಮುಂದು. ವಿಂಟರ್‌ಗ್ರೀನ್ ಎಣ್ಣೆಯಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ನಮ್ಮ ನೋವಿನ ಮುಲಾಮುಗಳಲ್ಲೂ ಇದೆ. ನನ್ನ ಮಾವನವರು ಒಂದು ಗುಟುಕು ಕುಡಿದು, “ಇದನ್ನು ಮಂಡಿಗೆ ಹಚ್ಚಿಕೊಳ್ಳಬೇಕೇ?” ಎಂದು ಕೇಳಿದ್ದರು. ಅತ್ತೆಯವರಿಗೆ ಮಾತ್ರ ‘ಸೊಗದೆ ಬೇರಿನ ಶರಬತ್ತಿನ ದೂರದ ನೆಂಟ’ ಎಂದು ಹೇಳಿ, ಮೇಲೊಂದು ಉಂಡೆ ಐಸ್‌ಕ್ರೀಂ ಹಾಕಿಸಿ ಕೊಟ್ಟೆ. ಲೋಟ ಖಾಲಿಯಾಯಿತು. ಆದರೆ ಫಲಕದಲ್ಲಿ ‘ಫ್ರೋಜನ್ ಕಸ್ಟರ್ಡ್’ ಎಂದಿದ್ದರೆ ಬೇಡ. ಅದರಲ್ಲಿ ಮೊಟ್ಟೆಯ ಹಳದಿ ಇರುತ್ತದೆ.

ನಮ್ಮಲ್ಲಿ ಕಾರು ಪಂದ್ಯದ ಮೈದಾನದ ಹತ್ತಿರ, ಸ್ಪೀಡ್‌ವೇ ಊರಿನಲ್ಲಿ, ‘ಮಗ್-ಎನ್-ಬನ್’ ಇದೆ. ರೂಟ್ ಬಿಯರ್ ಅವರೇ ತಯಾರಿಸುತ್ತಾರೆ. ಪಂದ್ಯ ಇರುವ ದಿನ ಅತ್ತ ತಲೆ ಹಾಕಬೇಡಿ.

ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದಿದವನು

ಶಿಕಾಗೋದಿಂದ ಎರಡು ಗಂಟೆಯ ದಾರಿ, ವೆಸ್ಟ್ ಲಫಾಯೆಟ್‌ನ ‘ಟ್ರಿಪಲ್ ಎಕ್ಸ್’. ಹೆಸರು ನೋಡಿ ಗಾಬರಿಯಾಗಬೇಡಿ, ಅದು ಹಳೆಯ ರೂಟ್ ಬಿಯರ್ ಬ್ರಾಂಡು. 1929ರಿಂದ ನಡೆದುಬಂದಿದೆ. ಗುಡ್ಡದ ಇಳಿಜಾರಿನಲ್ಲಿ ಕಿತ್ತಳೆ, ಕಪ್ಪು ಪಟ್ಟೆಗಳ ಕಟ್ಟಡ, ದೂರದಿಂದಲೇ ಹುಲಿಯಂತೆ ಕಾಣುತ್ತದೆ. ಈಗ ಒಳಗೆ ಕುಳಿತೇ ತಿನ್ನಬೇಕು. ಕಡಲೆಕಾಯಿ ಬೆಣ್ಣೆ ಹಚ್ಚಿದ ಬರ್ಗರ್‌ಗೆ ಹೆಸರುವಾಸಿ, ಅದಕ್ಕೆ ಪರ್ಡ್ಯೂನ ಹಳೆಯ ಫುಟ್ಬಾಲ್ ಆಟಗಾರ ಡ್ವೇನ್ ಪರ್ವಿಸ್ ಹೆಸರಿಟ್ಟಿದ್ದಾರೆ. ನಾನು ಸಸ್ಯಾಹಾರಿ. ಎರಡು ವರ್ಷ ಆಲೂಗಡ್ಡೆಯನ್ನೇ ತಿಂದೆ.

ಮಿಲ್ವಾಕಿಯಿಂದ

ಒಳಗೆ ಕುಳಿತು ತಿನ್ನುವುದಾದರೆ ಡ್ರೈವ್-ಇನ್ ಏಕೆ? ಉತ್ತರಕ್ಕೆ ಬನ್ನಿ. ಆಶ್ಕಾಶ್‌ನಲ್ಲಿ ವಿನ್ನೆಬೇಗೊ ಸರೋವರದ ಬಳಿ ‘ಆರ್ಡಿ ಆ್ಯಂಡ್ ಎಡ್ಸ್’ ಇದೆ. 1948ರಲ್ಲಿ ‘ಎ ಆ್ಯಂಡ್ ಡಬ್ಲ್ಯು’ ಎಂಬ ರೂಟ್ ಬಿಯರ್ ಸರಣಿಯ ಅಂಗಡಿಯಾಗಿ ಶುರುವಾದದ್ದು. ಹುಡುಗಿಯರು ಇಂದಿಗೂ ಚಕ್ರದ ಬೂಟು ತೊಟ್ಟು ತಟ್ಟೆ ತರುತ್ತಾರೆ. ಚಳಿಗಾಲದಲ್ಲಿ ಬಾಗಿಲು ಹಾಕುತ್ತಾರೆ, ಜೂನ್‌ಗೆ ತೊಂದರೆಯಿಲ್ಲ.

ಅನುಭವದ ಮಾತು: ತಟ್ಟೆಗೆ ಕೊಕ್ಕೆ ಇರುತ್ತದೆ, ಅದನ್ನು ಕಿಟಕಿಯ ಗಾಜಿನ ಅಂಚಿಗೆ ಸಿಕ್ಕಿಸುತ್ತಾರೆ. ಆದ್ದರಿಂದ ಗಾಜನ್ನು ಪೂರ್ತಿ ಇಳಿಸಬಾರದು, ನಾಲ್ಕು ಬೆರಳಿನಷ್ಟು ಮೇಲೆ ಬಿಟ್ಟಿರಬೇಕು. ಬೇರೊಂದು ಊರಿನಲ್ಲಿ ತಟ್ಟೆ ಸಿಕ್ಕಿಸಿದ ಮೇಲೆ ಮಗ ಗುಂಡಿ ಒತ್ತಿದ. ಗಾಜು ಇಳಿಯಿತು, ತಣ್ಣನೆಯ ಗಾಜಿನ ಮಗ್ ನೇರ ನನ್ನ ತೊಡೆಯ ಮೇಲೆ. ಸೀಟಿನಲ್ಲಿ ಇಂದಿಗೂ ಆ ವಾಸನೆ ಇದೆ.

ಅಮ್ಮನವರಿಗೆ ಕರಿದ ಚೀಸ್ ಕರ್ಡ್ಸ್ (ಚೀಸ್‌ನ ಸಣ್ಣ ತುಣುಕುಗಳು), ಈರುಳ್ಳಿ ಬಳೆ ಸಿಗುತ್ತವೆ. ಬಜ್ಜಿಯ ಹಾಗೆಯೇ. ಆದರೆ ಹೊರಗಿನ ಹಿಟ್ಟಿಗೆ ಮೊಟ್ಟೆ ಹಾಕಿದ್ದಾರೆಯೇ, ಕೋಳಿ ಕರಿದ ಎಣ್ಣೆಯಲ್ಲೇ ಇದನ್ನೂ ಕರಿಯುತ್ತಾರೆಯೇ ಎಂದು ಕೇಳಿಯೇ ತರಿಸಿ. ನಾಚಿಕೆ ಬೇಡ, ಅವರು ಬೇಸರಪಡದೆ ಹೇಳುತ್ತಾರೆ. ಚಪಾತಿ, ಚಟ್ನಿಪುಡಿ ಚೀಲದಲ್ಲಿರಲಿ.

ಸ್ಯಾಕ್ರಮೆಂಟೊದಿಂದ, ವಾಸ್ತುಶಿಲ್ಪಿ

ಎಲ್ಲರೂ ಊಟದ ಮಾತೇ ಆಡಿದ್ದೀರಿ. ತಂದೆಯವರು ಎಂಜಿನಿಯರ್ ಎಂದಿದ್ದೀರಲ್ಲ, ಅವರಿಗಾಗಿ ನಾಲ್ಕು ಮಾತು.

ಇದೆಲ್ಲ ಶುರುವಾದದ್ದು ನಮ್ಮ ಪಕ್ಕದ ಲೋಡೈ ಊರಿನಲ್ಲಿ. 1919ರ ಜೂನ್ 20ರಂದು, ಯುದ್ಧದಿಂದ ಮರಳಿದ ಸೈನಿಕರ ಮೆರವಣಿಗೆಯ ದಿನ, ರಾಯ್ ಅಲೆನ್ ಎಂಬಾತ ರಸ್ತೆ ಬದಿಯಲ್ಲಿ ನಿಂತು ಮಗ್ಗಿಗೆ 5 ಸೆಂಟ್‌ನಂತೆ ರೂಟ್ ಬಿಯರ್ ಮಾರಿದ. ಫ್ರಾಂಕ್ ರೈಟ್ ಪಾಲುದಾರನಾದ ಮೇಲೆ ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ಎ ಆ್ಯಂಡ್ ಡಬ್ಲ್ಯು ಆಯಿತು. 1927ರಲ್ಲಿ ವಾಷಿಂಗ್ಟನ್ ನಗರದಲ್ಲಿ ಒಂಬತ್ತು ಸ್ಟೂಲುಗಳ ಇಂಥದೇ ಅಂಗಡಿ ತೆರೆದ ಜೆ. ವಿಲ್ಲರ್ಡ್ ಮ್ಯಾರಿಯಟ್ ಮುಂದೆ ಹೋಟೆಲ್ ದೊರೆಯೇ ಆದ.

ಆರಂಭದ ಎಷ್ಟೋ ಅಂಗಡಿಗಳು ಪೀಪಾಯಿಯ ಆಕಾರದಲ್ಲಿದ್ದವು. ಓಡುವ ಕಾರಿನಿಂದ ಫಲಕ ಓದುವಷ್ಟರಲ್ಲಿ ಅಂಗಡಿ ಹಿಂದಾಗಿರುತ್ತದೆ, ಪೀಪಾಯಿಯಾದರೆ ದೂರದಿಂದಲೇ ಗುರುತು ಸಿಗುತ್ತದೆ. ‘ಫ್ರಾಸ್ಟಾಪ್’ ಎಂಬ ಇನ್ನೊಂದು ರೂಟ್ ಬಿಯರ್ ಸರಣಿಯವರು ಛಾವಣಿಯ ಮೇಲೆ, ಕಂಬದ ತುದಿಯಲ್ಲಿ ನೊರೆ ತುಂಬಿದ ದೈತ್ಯ ಮಗ್ಗನ್ನೇ ತಿರುಗಿಸಿದರು. ನ್ಯೂ ಆರ್ಲಿಯನ್ಸ್‌ನ ಅಂಥ ಒಂದು ಮಗ್ 2005ರ ಕತ್ರೀನಾ ಚಂಡಮಾರುತಕ್ಕೆ ಬಿತ್ತು. ಅದನ್ನು ತಲೆಕೆಳಗಾಗಿಯೇ ಉಳಿಸಿಕೊಂಡರು.

ನನಗೆ ಇಷ್ಟವಾದದ್ದು ಐವತ್ತರ ದಶಕದ ಚಪ್ಪರಗಳು. ಅಡುಗೆಮನೆ ಒಂದು ಸಣ್ಣ ಪೆಟ್ಟಿಗೆ, ಅದರಿಂದ ರೆಕ್ಕೆಯಂತೆ ಚಾಚಿದ ಉಕ್ಕಿನ ಮಾಡು, ತೆಳ್ಳನೆಯ ಕಂಬಗಳು, ಅಂಚಿಗೆ ನಿಯಾನ್ ದೀಪ. ಗೋಡೆಗಳೇ ಇಲ್ಲ, ಸಾಲಾಗಿ ನಿಂತ ಕಾರುಗಳೇ ಗೋಡೆ. ಬೆಂಗಳೂರಿನ ಏರ್‌ಲೈನ್ಸ್ ಹೋಟೆಲಿನಲ್ಲಿ ಕಾರಿನಲ್ಲೇ ಕುಳಿತು ದೋಸೆ ತಿಂದವರಿಗೆ ಈ ಸುಖ ಗೊತ್ತು. ಅಲ್ಲಿ ನೆರಳಿಗೆ ಮರ, ಇಲ್ಲಿ ತಗಡು. 1956ರ ಹೆದ್ದಾರಿ ಕಾಯ್ದೆಯ ನಂತರ ದೊಡ್ಡ ರಸ್ತೆಗಳು ಊರ ಹೊರಗೆ ಹಾದುಹೋದವು, ಹಳೆಯ ರಸ್ತೆಯ ಅಂಗಡಿಗಳಿಗೆ ಗಿರಾಕಿ ತಪ್ಪಿದರು.

ಹಾಗಾಗಿ ಇಳಿದು ಫೋಟೊ ತೆಗೆಯುವ ಮೊದಲು ಅರ್ಧ ಗಂಟೆ ಕಾರಿನಲ್ಲೇ ಕೂರಿ. ಕಟ್ಟಡವನ್ನು ಕಟ್ಟಿದ್ದೇ ಮುಂದಿನ ಸೀಟಿನಿಂದ ನೋಡಲು. ಹೊತ್ತು ಮುಳುಗಿ ದೀಪ ಹತ್ತುವ ಸಮಯವಾದರೆ ಇನ್ನೂ ಒಳ್ಳೆಯದು. ಚಪ್ಪರದ ಮಳೆನೀರು ಎಲ್ಲಿ ಇಳಿದು ಹೋಗುತ್ತದೆ ಎಂದು ತಂದೆಯವರನ್ನು ಕೇಳಿ, ಮತ್ತೆ ಅವರು ಬೇಗ ಹೊರಡುವುದಿಲ್ಲ.

ಶಿಕಾಗೋದಿಂದ, ಮತ್ತೆ

ಎಲ್ಲರಿಗೂ ವಂದನೆ. ಶನಿವಾರ ಆಶ್ಕಾಶ್, ಸಂಜೆಯ ಹೊತ್ತಿಗೆ. ಭಾನುವಾರ ವೆಸ್ಟ್ ಲಫಾಯೆಟ್, ಪಟ್ಟೆಗಳನ್ನಷ್ಟೇ ನೋಡಲು. ಸ್ಪೀಡ್‌ವೇ ಮುಂದಿನ ಸಲಕ್ಕೆ. ಸೊಗದೆ ಬೇರಿನ ಉಪಾಯ ಫಲಿಸಿತು: ‘ಒಂದು ಗುಟುಕು ಮಾತ್ರ’ ಎಂದಿದ್ದಾರೆ ಅಮ್ಮ. ಅಪ್ಪನಿಗೆ ಮಳೆನೀರಿನ ಪ್ರಶ್ನೆ ಓದಿ ಹೇಳಿದೆ. ಅಳತೆಯ ಟೇಪನ್ನು ಕೈಚೀಲದಲ್ಲಿ ತರಲು ವಿಮಾನದಲ್ಲಿ ಬಿಡುತ್ತಾರೆಯೇ ಎಂದು ಕೇಳುತ್ತಿದ್ದಾರೆ.